ಪಟಾಲಮ್ಮಿಗೆ ಹೋದವರ ಖಬರ್ ಎಲ್ಲಿದೆ?

ಮದೀನಾದ ಮಸೀದಿಯನ್ನು ಗುಡಿಸಿ ಶುಚಿಗೊಳಿಸುತ್ತಿದ್ದ ಒಬ್ಬ ಕಪ್ಪು ವರ್ಣದ ಮಹಿಳೆ ಇದ್ದರು. ಕೆಲವು ದಿನ ಅವರು ಕಾಣಿಸಲಿಲ್ಲ. ಪ್ರವಾದಿ(ಸ) ವಿಚಾರಿಸಿದಾಗ, ಆಕೆ ತೀರಿಕೊಂಡರು, ದಫನವೂ ಮುಗಿಯಿತು ಎಂದು ಸಹಾಬಿಗಳು ಹೇಳಿದರು. ಅದೊಂದು ಸಣ್ಣ ವಿಷಯ, ಪ್ರವಾದಿ(ಸ)ರವರೆಗೆ ಒಯ್ಯಬೇಕಾದುದಲ್ಲ ಎಂದು ಅವರು ಭಾವಿಸಿದ್ದರು. ತನಗೇಕೆ ತಿಳಿಸಲಿಲ್ಲ ಎಂದು ಪ್ರವಾದಿ(ಸ) ಕೇಳಿದರು, ಆಕೆಯ ಖಬರ್ ಎಲ್ಲಿದೆಯೆಂದು ತೋರಿಸಲು ಹೇಳಿದರು, ಅಲ್ಲಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಘಟನೆ ದಾಖಲಾಗಿದೆ.

ಖುತ್ಬಾಗಳಲ್ಲಿ ನಾವು ಹಲವು ಬಾರಿ ಕೇಳಿದ ಘಟನೆಯಿದು. ಸಾಮಾನ್ಯವಾಗಿ ಇದನ್ನು ಮಸೀದಿಯ ಸೇವೆಯ ಮಹತ್ವಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಇದರಲ್ಲಿ ಇನ್ನೊಂದು ಪಾಠವೂ ಇದೆ. ಜನರ ಕಣ್ಣಿಗೆ ಸಣ್ಣವರಾಗಿ ಕಂಡವರ ಖಬರ್ ಎಲ್ಲಿದೆ ಎಂದು ಕೇಳುವುದು ಪ್ರವಾದಿ(ಸ)ರು ತೋರಿಸಿಕೊಟ್ಟ ನಡವಳಿಕೆ. ಈ ಲೇಖನದಲ್ಲಿ ನಾವು ಕೇಳಲು ಹೊರಟಿರುವುದೂ ಅದೇ ಪ್ರಶ್ನೆಯನ್ನು.

ಪರ್ಕಳ, ಆತ್ರಾಡಿ, ಹಿರಿಯಡ್ಕ, ಕಾಪು, ಕಾರ್ಕಳದ ಕಡೆಯ ಹಳೆಯ ಮನೆಗಳಲ್ಲಿ ವಂಶದ ಲೆಕ್ಕ ಹಾಕುತ್ತಾ ಕುಳಿತರೆ, ಎಲ್ಲೋ ಒಂದು ಕಡೆ ಮಾತು ನಿಲ್ಲುವುದುಂಟು. ಒಬ್ಬರು ಪಟಾಲಮ್ಮಿಗೆ ಸೇರಿದವರು, ಒಬ್ಬರು ಬೊಂಬಾಯಿಗೆ ಹೋಗಿ ಹಡಗು ಹತ್ತಿದವರು, ಮತ್ತೆ ಬರಲಿಲ್ಲ. ಅಜ್ಜ ಅಜ್ಜಿಯರ ಮೀಸಾನ್ ಕಲ್ಲು ಊರ ಖಬರ್‌ಸ್ತಾನದಲ್ಲಿ ಇದೆ. ಪೆರ್ನಾಳಿನ ದಿನ ಅಲ್ಲಿ ನಿಂತು ಸಲಾಂ ಹೇಳುತ್ತೇವೆ. ಮರಳಿ ಬಾರದವರ ಬಗ್ಗೆ ಹೇಳಲು ಒಂದು ಹೆಸರು ಕೂಡ ಕೆಲವೊಮ್ಮೆ ಉಳಿದಿರುವುದಿಲ್ಲ. ‘ದೂರದಲ್ಲಿ ಎಲ್ಲೋ ಹೋದರು’ ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಯಾವ ಜೀವವೂ ತಾನು ಯಾವ ನೆಲದಲ್ಲಿ ಸಾಯುವೆನೆಂದು ಅರಿಯದು ಎಂದು ಸೂರಃ ಲುಕ್ಮಾನ್‌ನ ಕೊನೆಯ ಸೂಕ್ತ ತಿಳಿಸುತ್ತದೆ. ಆ ನೆಲ ಯಾವುದೆಂದು ಅಲ್ಲಾಹನಿಗೆ ಗೊತ್ತಿದೆ. ಉಳಿದವರಾದ ನಾವು ಹುಡುಕಿದರೆ ಎಷ್ಟು ದೂರ ಹೋಗಬಹುದು?

ಉಹುದ್‌ನ ಮಣ್ಣಿನಲ್ಲಿ

ಯುದ್ಧದಲ್ಲಿ ಮಡಿದವರ ದಫನದ ವಿಷಯದಲ್ಲಿ ನಮ್ಮ ಮುಂದಿರುವ ಮೊದಲ ಮಾದರಿ ಉಹುದ್. ಹಿಜರಿ ಮೂರನೇ ವರ್ಷದ ಆ ಯುದ್ಧದಲ್ಲಿ ಸುಮಾರು 70 ಮಂದಿ ಸಹಾಬಿಗಳು ಹುತಾತ್ಮರಾದರು. ಬದುಕುಳಿದವರೂ ಗಾಯಗೊಂಡು ದಣಿದಿದ್ದರು. ಬಟ್ಟೆಗೂ ಕೊರತೆ. ಮುಸ್‌ಅಬ್ ಬಿನ್ ಉಮೈರ್(ರ)ರ ಮೇಲೆ ಹೊದಿಸಿದ ಬಟ್ಟೆ ತಲೆ ಮುಚ್ಚಿದರೆ ಕಾಲಿಗೆ ಸಾಲದು, ಕಾಲು ಮುಚ್ಚಿದರೆ ತಲೆಗೆ ಸಾಲದು. ಕೊನೆಗೆ ತಲೆ ಮುಚ್ಚಿ, ಕಾಲಿನ ಮೇಲೆ ಹುಲ್ಲು ಹಾಕಿದರು. ಒಂದೊಂದು ಖಬರಿನಲ್ಲಿ ಇಬ್ಬರನ್ನು ಇಡಬೇಕಾಯಿತು. ಆಗ ಪ್ರವಾದಿ(ಸ) ಪ್ರತಿ ಸಲವೂ ಕೇಳುತ್ತಿದ್ದುದು, ಇವರಿಬ್ಬರಲ್ಲಿ ಕುರ್‌ಆನನ್ನು ಹೆಚ್ಚು ಕಲಿತವರು ಯಾರು ಎಂದು. ಅವರನ್ನು ಮೊದಲು ಲಹದ್‌ನಲ್ಲಿ ಇಡಿಸುತ್ತಿದ್ದರು. ಅಂಥ ದಿನದಲ್ಲೂ ಒಬ್ಬೊಬ್ಬರನ್ನೂ ಗುರುತಿಸಿಯೇ ಮಣ್ಣಿಗಿಟ್ಟರು.

ಜಾಬಿರ್ ಬಿನ್ ಅಬ್ದುಲ್ಲಾ(ರ)ರ ತಂದೆ ಆ ದಿನ ಮಡಿದವರಲ್ಲೊಬ್ಬರು. ಕುಟುಂಬದವರು ಅವರನ್ನು ಮದೀನಾದ ತಮ್ಮ ದಫನಭೂಮಿಗೆ ಒಯ್ಯಲು ಹೊರಟಾಗ, ಮಡಿದವರನ್ನು ಮಡಿದ ಸ್ಥಳಕ್ಕೇ ಮರಳಿಸಬೇಕೆಂಬ ಪ್ರವಾದಿ(ಸ)ರ ಆಜ್ಞೆಯನ್ನು ಸಾರಲಾಯಿತು. ಹುತಾತ್ಮರನ್ನು ಬಿದ್ದ ನೆಲದಲ್ಲೇ ದಫನ ಮಾಡಬೇಕೆಂದು ವಿದ್ವಾಂಸರು ಹೇಳುವುದು ಈ ಆಧಾರದಿಂದ. ಹಾಗಾಗಿ ಸೈನಿಕನ ಖಬರ್ ಮನೆಯಿಂದ ದೂರ ಇರುವುದು ನಮಗೆ ಹೊಸತಲ್ಲ, ಅವಮಾನವೂ ಅಲ್ಲ. ಮುಅತಾ ಯುದ್ಧದ ಝೈದ್, ಜಅಫರ್, ಅಬ್ದುಲ್ಲಾ ಬಿನ್ ರವಾಹಾ(ರ) ಇಂದಿನ ಜೋರ್ಡಾನ್‌ನ ಮಣ್ಣಿನಲ್ಲಿದ್ದಾರೆ. ಅಬೂ ಅಯ್ಯೂಬ್ ಅನ್ಸಾರಿ(ರ) ಇಸ್ತಾಂಬುಲ್‌ನಲ್ಲಿದ್ದಾರೆ.

ದೂರ ಇರುವುದು ಬೇರೆ, ಮರೆತುಹೋಗುವುದು ಬೇರೆ. ಉಹುದ್‌ನ ಎಂಟು ವರ್ಷಗಳ ನಂತರ, ತಮ್ಮ ಜೀವನದ ಕೊನೆಯ ದಿನಗಳಲ್ಲಿ, ಪ್ರವಾದಿ(ಸ) ಅಲ್ಲಿನ ಹುತಾತ್ಮರಿಗಾಗಿ ಪ್ರಾರ್ಥಿಸಿದರು ಎಂದು ಬುಖಾರಿಯಲ್ಲಿದೆ. ಉಸ್ಮಾನ್ ಬಿನ್ ಮಝ್‌ಊನ್(ರ) ತೀರಿಕೊಂಡಾಗ ಒಬ್ಬರಿಗೆ ಎತ್ತಲಾಗದ ಕಲ್ಲೊಂದನ್ನು ಪ್ರವಾದಿ(ಸ) ತೋಳೇರಿಸಿ ತಾವೇ ಹೊತ್ತು ತಂದು ಖಬರಿನ ತಲೆಯ ಬಳಿ ಇಟ್ಟರು. ತನ್ನ ಸಹೋದರನ ಖಬರನ್ನು ಅದರಿಂದ ಗುರುತಿಸುವುದಕ್ಕಾಗಿ, ಕುಟುಂಬದವರನ್ನು ಅದರ ಬಳಿಯೇ ದಫನ ಮಾಡುವುದಕ್ಕಾಗಿ ಎಂದು ವಿವರಿಸಿದರು. ಅಬೂ ದಾವೂದ್‌ನಲ್ಲಿ ಈ ವರದಿಯಿದೆ. ಖಬರಿಗೆ ಗಾರೆ ಬಳಿಯುವುದನ್ನು, ಅದರ ಮೇಲೆ ಕಟ್ಟಡ ಕಟ್ಟುವುದನ್ನು ತಡೆದವರೂ ಅವರೇ. ಗುರುತು ಬೇಕು, ಆಡಂಬರ ಬೇಡ. ಆ ಗುರುತೂ ಇಲ್ಲದೆ ಹೋದವರ ಕಥೆಗೆ ನಾವು ಈಗ ಬರೋಣ.

ಕಾವೇರಿ ದಡದ ಎರಡು ದಫನಭೂಮಿಗಳು

ಕರ್ನಾಟಕದ ಮುಸ್ಲಿಮ್ ಸೈನಿಕರ ಚರಿತ್ರೆಯಲ್ಲಿ ಅತಿ ದೊಡ್ಡ ಸಾವಿನ ದಿನಗಳಲ್ಲೊಂದು 1799ರ ಮೇ 4. ಶ್ರೀರಂಗಪಟ್ಟಣದ ಕೋಟೆಯ ಒಡೆದ ಗೋಡೆಯ ಮೂಲಕ ಇಂಗ್ಲಿಷ್ ಪಡೆಗಳು ಒಳನುಗ್ಗಿದ ಆ ಮಧ್ಯಾಹ್ನ ಟಿಪ್ಪು ಸುಲ್ತಾನರ ಜೊತೆ ಸಾವಿರಾರು ಮಂದಿ ಮಡಿದರು. ಸುಲ್ತಾನರನ್ನು ಮರುದಿನ ಗುಂಬಜ್‌ನಲ್ಲಿ, ತಂದೆ ಹೈದರ್ ಅಲಿ ಮತ್ತು ತಾಯಿಯ ಪಕ್ಕದಲ್ಲಿ ದಫನ ಮಾಡಲಾಯಿತು. ಹೈದರ್ ಅಲಿಯವರ ತಂದೆ ಫತೇ ಮುಹಮ್ಮದ್ ಕೂಡ ಸೈನಿಕರಾಗಿದ್ದು ಯುದ್ಧದಲ್ಲೇ ಮಡಿದವರು. ಅವರ ಮಖ್ಬರಾ ಕೋಲಾರದಲ್ಲಿ ಇಂದಿಗೂ ಇದೆ. ಹೀಗೆ ಒಂದು ಮನೆತನದ ಮೂರು ತಲೆಮಾರಿನ ಖಬರ್‌ಗಳು ನಮಗೆ ಗೊತ್ತು. ಆ ಮನೆತನಕ್ಕಾಗಿ ಪ್ರಾಣ ಕೊಟ್ಟ ಸಾಮಾನ್ಯ ಸಿಪಾಯಿಗಳು ಎಲ್ಲಿ ಮಲಗಿದ್ದಾರೆಂದು ತೋರಿಸುವ ಹೆಸರಿನ ಕಲ್ಲುಗಳಿಲ್ಲ.

ಅದೇ ಶ್ರೀರಂಗಪಟ್ಟಣದಲ್ಲಿ, ಕಾವೇರಿಯ ದಡದಲ್ಲಿ, ಗ್ಯಾರಿಸನ್ ಸೆಮೆಟರಿ ಎಂಬ ಇನ್ನೊಂದು ದಫನಭೂಮಿ ಇದೆ. ಅಲ್ಲಿ 300ರಷ್ಟು ಸಮಾಧಿಗಳಿವೆ. ಇಂಗ್ಲಿಷರ ಪರವಾಗಿ ಹೋರಾಡಿದ ಸ್ವಿಟ್ಜರ್‌ಲೆಂಡಿನ ದ ಮ್ಯುರೋನ್ ರೆಜಿಮೆಂಟಿನವರೂ ಅಲ್ಲಿದ್ದಾರೆ. ಕಾಡು ಬೆಳೆದು ಪಾಳುಬಿದ್ದಿದ್ದ ಆ ಜಾಗವನ್ನು ಈ ಶತಮಾನದಲ್ಲಿ ದುರಸ್ತಿಗೊಳಿಸಲು ನೆರವಾದವರು ಯಾರೆಂದರೆ, ಇನ್ನೂರು ವರ್ಷಗಳ ಬಳಿಕ ಸ್ವಿಟ್ಜರ್‌ಲೆಂಡಿನಿಂದ ಹುಡುಕಿಕೊಂಡು ಬಂದ ಅದೇ ದ ಮ್ಯುರೋನ್ ಮನೆತನದ ವಂಶಸ್ಥರು. ಅವರ ಹಿರಿಯರ ಯುದ್ಧ ನ್ಯಾಯದ್ದಾಗಿತ್ತೇ ಎಂಬುದು ಬೇರೆ ಪ್ರಶ್ನೆ. ಹಿರಿಯರನ್ನು ಹುಡುಕಿಕೊಂಡು ಬಂದ ಅವರ ನಡೆಯಲ್ಲಿ ನಾವು ಕಲಿಯಬೇಕಾದದ್ದಿದೆ.

ನಮ್ಮ ಕರಾವಳಿಯ ಕಥೆಯೂ ಭಿನ್ನವಲ್ಲ. 1783ರ ಮೇ ತಿಂಗಳಿನಿಂದ 1784ರ ಜನವರಿವರೆಗೆ ಮಂಗಳೂರು ಕೋಟೆಗೆ ಟಿಪ್ಪು ಮುತ್ತಿಗೆ ಹಾಕಿದ್ದರು. ಮಳೆಗಾಲವೂ ಸೇರಿ ಎಂಟು ತಿಂಗಳಿಗೂ ಮಿಕ್ಕಿ ನಡೆದ ಆ ಮುತ್ತಿಗೆಯಲ್ಲಿ ಗುಂಡಿಗೂ ಕಾಯಿಲೆಗೂ ಎರಡೂ ಕಡೆಯವರು ಬಲಿಯಾದರು. ಕೋಟೆಯೊಳಗಿದ್ದ ಇಂಗ್ಲಿಷ್ ಅಧಿಕಾರಿ ಕರ್ನಲ್ ಕ್ಯಾಂಪ್‌ಬೆಲ್‌ನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿದೆ. ಹೊರಗೆ ಮಳೆಯಲ್ಲಿ ನಿಂತು ಸತ್ತ ಸಿಪಾಯಿಗಳ ಹೆಸರನ್ನು ಅವು ಹೇಳುವುದಿಲ್ಲ. 1794ರಲ್ಲಿ ಟಿಪ್ಪು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಬೆಳ್ತಂಗಡಿ ಬಳಿಯ ಜಮಾಲಾಬಾದ್ ಕೋಟೆಯನ್ನು ನಾವು ಗಡಾಯಿಕಲ್ಲು ಎಂದು ಚಾರಣಕ್ಕೆ ಹತ್ತುತ್ತೇವೆ. ಅದನ್ನು ಕಾಯುತ್ತಿದ್ದವರು ಯಾರು, ಅವರಿಗೆ ಏನಾಯಿತು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಹೇಳಲು ಹೆಚ್ಚಿಲ್ಲ.

ಅಷ್ಟು ಹಳೆಯ ಕಾಲದ ಸಿಪಾಯಿಗಳ ಹೆಸರು ಹೆಸರಾಗಿ ಸಿಗುವುದು ಕಷ್ಟ. ಆದರೆ 1914ರ ನಂತರ ತೀರಿಕೊಂಡವರ ವಿಷಯ ಹಾಗಲ್ಲ. ಅಲ್ಲಿಂದ ಮುಂದೆ ಕಾಗದ ಇದೆ. ಹುಡುಕುವವರಿಗೆ ದಾರಿ ಇದೆ.

ಬೆಂಗಳೂರಿನಿಂದ ಹೈಫಾಕ್ಕೆ

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು. 70,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ನಮ್ಮ ನಾಡಿನಿಂದ ಹೋದ ಪಡೆಗಳಲ್ಲಿ ಹೆಸರಾದದ್ದು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ. ಅದರಲ್ಲಿ ಹಿಂದೂಗಳ ಜೊತೆ ಮುಸ್ಲಿಮರೂ ಇದ್ದರು. 1914ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ಈ ಪಡೆ ಮೊದಲು ಸುಯೆಜ್ ಕಾಲುವೆಯನ್ನು ಕಾಯಿತು, ಬಳಿಕ ಸಿನಾಯ್ ಮರುಭೂಮಿ ದಾಟಿ ಫೆಲೆಸ್ತೀನಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಪಡೆಯ ಜೊತೆ ಸೇರಿ ಹೈಫಾ ನಗರವನ್ನು ತುರ್ಕರಿಂದ ವಶಪಡಿಸಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರದ ಈ ಸವಾರರನ್ನೇ ಪ್ರತಿನಿಧಿಸುತ್ತವೆ.

ಹೈಫಾದಲ್ಲಿ, ಜೆರುಸಲೇಮಿನಲ್ಲಿ, ಗಾಝಾದಲ್ಲಿ ಆ ಕಾಲದ ಭಾರತೀಯ ಸೈನಿಕರ ದಫನಭೂಮಿಗಳಿವೆ. ಗಾಝಾದ ಯುದ್ಧ ದಫನಭೂಮಿಗೆ ಈಚಿನ ವರ್ಷಗಳ ದಾಳಿಗಳಲ್ಲಿ ಹಾನಿಯಾಗಿದೆ. ಅಲ್ಲಿನ ಸುದ್ದಿ ನೋಡಿ ಕಣ್ಣೀರಿಡುವ ನಮ್ಮ ಮನೆಗಳಿಗೆ, ಆ ಮಣ್ಣಿನಲ್ಲಿ ಹಿಂದೂಸ್ತಾನದಿಂದ ಹೋದ ಮುಸ್ಲಿಮ್ ಸೈನಿಕರೂ ಮಲಗಿದ್ದಾರೆಂಬುದು ಹೆಚ್ಚಾಗಿ ಗೊತ್ತಿಲ್ಲ.

ಈಜಿಪ್ಟ್ ಮತ್ತು ಫೆಲೆಸ್ತೀನಿನಲ್ಲಿ ಖಬರ್ ತಿಳಿಯದೆ ಹೋದ ಸುಮಾರು 4,000 ಭಾರತೀಯರಿಗಾಗಿ ಸುಯೆಜ್ ಕಾಲುವೆಯ ಬಾಯಿಯಲ್ಲಿ, ಪೋರ್ಟ್ ತೌಫೀಕ್ ಎಂಬಲ್ಲಿ, 1926ರಲ್ಲಿ ಸ್ಮಾರಕ ಕಟ್ಟಲಾಗಿತ್ತು. ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಯುದ್ಧಗಳಲ್ಲಿ ಅದು ಹಾಳಾಯಿತು. 1980ರಲ್ಲಿ ಆ ಹೆಸರುಗಳನ್ನು ಕೈರೋದ ಹೀಲಿಯೋಪೊಲಿಸ್ ದಫನಭೂಮಿಯಲ್ಲಿ ಮತ್ತೆ ಕೆತ್ತಿ ಹಾಕಲಾಯಿತು. ಕಲ್ಲು ಒಡೆದರೂ ಪಟ್ಟಿ ಉಳಿದಿತ್ತು, ಆದ್ದರಿಂದ ಹೆಸರು ಉಳಿಯಿತು.

ಹೆಸರಿನ ಬದಲು ಸಂಖ್ಯೆ

ಇರಾಕಿನ ಕಥೆ ಇನ್ನೂ ಕಹಿ. ಹಳೆಯ ತಲೆಮಾರಿನವರ ಬಾಯಲ್ಲಿ ‘ಬಸ್ರಾ ಯುದ್ಧ’ ಎಂದಿದ್ದ ಆ ರಣರಂಗದಲ್ಲಿ ಗುಂಡಿಗಿಂತ ಕಾಲರಾ, ಭೇದಿ, ಬಿಸಿಲು ಹೆಚ್ಚು ಜನರನ್ನು ಕೊಂದವು. ಟೈಗ್ರಿಸ್ ನದಿಯ ದಡದ ಅಮಾರಾ ಪಟ್ಟಣದಲ್ಲಿ ಭಾರತೀಯ ಸೈನಿಕರಿಗಾಗಿಯೇ ಒಂದು ದಫನಭೂಮಿ ಇದೆ. ಅಲ್ಲಿ ಸುಮಾರು 5,000 ಮಂದಿ ಇದ್ದಾರೆ. ಅವರಲ್ಲಿ ಗುರುತು ಸಿಕ್ಕಿರುವುದು ಕೇವಲ ಒಂಬತ್ತು ಮಂದಿಯದು. ಯಾರನ್ನು ಎಲ್ಲಿ ಮಣ್ಣು ಮಾಡಿದೆವು ಎಂಬ ಸರಿಯಾದ ದಾಖಲೆಯನ್ನು ಸೈನ್ಯ ಇಡಲೇ ಇಲ್ಲ.

ಬಸ್ರಾದಲ್ಲಿ 1929ರಲ್ಲಿ ತೆರೆದ ಸ್ಮಾರಕ ಖಬರ್ ತಿಳಿಯದ 40,000ಕ್ಕೂ ಹೆಚ್ಚು ಮಂದಿಗೆ ಸೇರಿದ್ದು. ಅವರಲ್ಲಿ ಬಹುಪಾಲು ಭಾರತೀಯರು. ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ಅವರ ರೆಜಿಮೆಂಟಿನ ಕೆಳಗೆ ಇಷ್ಟು ಮಂದಿ ಎಂದು ಎಣಿಸಿ ಬಿಟ್ಟರು.

ಈ ದಫನಭೂಮಿಗಳನ್ನೂ ಸ್ಮಾರಕಗಳನ್ನೂ ನೋಡಿಕೊಳ್ಳುವುದು 1917ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿಗಳ ಆಯೋಗ. ಇಂದು ಅದರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ. ಪದವಿ, ಜನಾಂಗ, ಧರ್ಮದ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸುವುದು ಅದರ ಘೋಷಿತ ತತ್ವ. ಆ ತತ್ವ ಎಲ್ಲ ಕಡೆ ಪಾಲನೆಯಾಗಲಿಲ್ಲ ಎಂದು 2021ರ ಏಪ್ರಿಲ್‌ನಲ್ಲಿ ಅದರದೇ ಸಮಿತಿಯ ವರದಿ ಒಪ್ಪಿಕೊಂಡಿತು. ಮೊದಲ ಮಹಾಯುದ್ಧದ 45,000ದಿಂದ 54,000 ಮಂದಿಯನ್ನು, ಮುಖ್ಯವಾಗಿ ಭಾರತೀಯರು ಮತ್ತು ಆಫ್ರಿಕನ್ನರನ್ನು, ಅಸಮಾನವಾಗಿ ಸ್ಮರಿಸಲಾಗಿತ್ತು. ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000 ಮಂದಿಯವರೆಗೆ, ಹೆಸರು ಹೇಳಿ ಸ್ಮರಿಸಲೇ ಇಲ್ಲ. ಆಯೋಗ ಕ್ಷಮೆ ಕೇಳಿತು, ಕಳೆದುಹೋದ ಹೆಸರುಗಳ ಹುಡುಕಾಟ ಆರಂಭಿಸಿತು.

ಈ ಅಂಕಿಗಳನ್ನು ಓದುವಾಗ ಮಸೀದಿ ಗುಡಿಸುತ್ತಿದ್ದ ಆ ಮಹಿಳೆ ನೆನಪಾಗುತ್ತಾರೆ. ಸಣ್ಣ ವಿಷಯವೆಂದು ಭಾವಿಸುವ ಗುಣ ಮನುಷ್ಯರಲ್ಲಿ ಹಳೆಯದು. ಸಾಮ್ರಾಜ್ಯಗಳು ಅದನ್ನು ಕಚೇರಿಯ ಪದ್ಧತಿಯಾಗಿ ಮಾಡಿದವು. ಹೊರಗಿನವರನ್ನು ದೂರುವ ಮುನ್ನ ನಾವೇ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಮ್ಮ ಮನೆಯವರ ಹೆಸರನ್ನು ನಾವಾದರೂ ಬರೆದಿಟ್ಟೆವೇ?

ಕಡಲಿನಲ್ಲಿ ಹೋದವರು

ನಮ್ಮದು ಕಡಲ ಕರೆಯ ಜಿಲ್ಲೆ. ಇಲ್ಲಿಂದ ಬಂದೂಕು ಹಿಡಿದು ಹೋದವರಂತೆಯೇ ಬೊಂಬಾಯಿಗೆ ಹೋಗಿ ಹಡಗಿನ ಖಲಾಸಿಗಳಾದವರನ್ನೂ ಹುಡುಕಬೇಕು. ಎರಡು ಮಹಾಯುದ್ಧಗಳಲ್ಲೂ ಸರಕು ಹಡಗುಗಳ ಇಂಜಿನ್ ಕೋಣೆಗಳಲ್ಲಿ ಕಲ್ಲಿದ್ದಲು ಹಾಕಿದವರಲ್ಲಿ, ಅಡುಗೆ ಮಾಡಿದವರಲ್ಲಿ ಭಾರತದ ಕರಾವಳಿಗಳ ಮುಸ್ಲಿಮರು ಬಹಳ ಮಂದಿ ಇದ್ದರು. ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸಿದಾಗ ಮೊದಲು ಸಿಕ್ಕಿಬೀಳುತ್ತಿದ್ದವರು ಕೆಳಗಿನ ಕೋಣೆಯವರೇ.

ಮೊದಲ ಯುದ್ಧದಲ್ಲಿ ಹೀಗೆ ತೀರಿಕೊಂಡ 2,000ಕ್ಕೂ ಹೆಚ್ಚು ಭಾರತೀಯ ನಾವಿಕರಿಗಾಗಿ ಮುಂಬಯಿಯ ಮಸ್ಜಿದ್ ಬಂದರು ಕಡೆಯ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಸ್ಮಾರಕವಿದೆ. ಎರಡನೇ ಯುದ್ಧದ ನಾವಿಕರ ಹೆಸರುಗಳನ್ನು ಎರಡು ಪುಸ್ತಕಗಳಲ್ಲಿ ಬರೆದು ಒಂದನ್ನು ಮುಂಬಯಿಯಲ್ಲಿ, ಒಂದನ್ನು ಚಿತ್ತಗಾಂಗ್‌ನಲ್ಲಿ ಇಡಲಾಗಿದೆ. ಅದರಲ್ಲಿ 6,000ದಷ್ಟು ಹೆಸರುಗಳಿವೆ. ಮುಂಬಯಿಯಲ್ಲಿ ನೆಂಟರಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಅಲ್ಲಿಗೆ ಹೋದಾಗ ಒಂದು ಬೆಳಗ್ಗೆ ಇದಕ್ಕಾಗಿ ಮೀಸಲಿಡಬಹುದು.

ಇವರಿಗೆ ಖಬರೇ ಇಲ್ಲವಲ್ಲ ಎಂಬ ನೋವು ಮನೆಯವರಿಗೆ ಇದ್ದೀತು. ನೀರಿನಲ್ಲಿ ಮುಳುಗಿ ಸತ್ತವರನ್ನೂ ಹೊಟ್ಟೆಯ ಕಾಯಿಲೆಯಿಂದ ಸತ್ತವರನ್ನೂ ಪ್ರವಾದಿ(ಸ) ಶಹೀದರ ಸಾಲಿನಲ್ಲಿ ಎಣಿಸಿದ್ದಾರೆ. ಕಡಲಲ್ಲಿ ಹೋದ ಖಲಾಸಿಗೂ ಅಮಾರಾದ ಡೇರೆಯಲ್ಲಿ ಭೇದಿಯಿಂದ ತೀರಿಕೊಂಡ ಸಿಪಾಯಿಗೂ ಈ ಹದೀಸಿನಲ್ಲಿ ಸಾಂತ್ವನ ಇದೆ.

ಪರದೇಶದಲ್ಲಿ ಜನಾಝ

ಅನ್ಯ ನೆಲದಲ್ಲಿ ಸತ್ತವರಿಗೆ ಗುಸ್ಲ್, ಕಫನ್, ಜನಾಝ ನಮಾಝ್ ಸಿಕ್ಕಿತೇ ಎಂಬುದು ಮನೆಯ ಹೆಂಗಸರು ಕೇಳುವ ಮೊದಲ ಪ್ರಶ್ನೆ. ಕೆಲವು ಕಡೆ ಸಿಕ್ಕಿತ್ತು. ಫ್ರಾನ್ಸಿನಲ್ಲಿ ಗಾಯಗೊಂಡು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಮುಸ್ಲಿಮ್ ಸೈನಿಕರನ್ನು ವೋಕಿಂಗ್ ಎಂಬ ಊರಿಗೆ ತರುತ್ತಿದ್ದರು. ಭೋಪಾಲದ ಬೇಗಂ ಶಾಹಜಹಾನ್ ಅವರ ನೆರವಿನಿಂದ 1889ರಲ್ಲಿ ಕಟ್ಟಿದ ಮಸೀದಿ ಅಲ್ಲಿದೆ. ಮುಸ್ಲಿಮರನ್ನು ಅವರ ಧರ್ಮದಂತೆ ದಫನ ಮಾಡುತ್ತಿಲ್ಲ ಎಂದು ಜರ್ಮನಿ ಪ್ರಚಾರ ಮಾಡುತ್ತಿದ್ದ ಕಾಲವದು. ಮಸೀದಿಯ ಇಮಾಮರಾಗಿದ್ದ ಮೌಲವಿ ಸದ್ರುದ್ದೀನ್ ಸರಕಾರದ ಬೆನ್ನುಬಿದ್ದರು. ಕಮಾನು ಮತ್ತು ಗೋಡೆಯುಳ್ಳ ಪ್ರತ್ಯೇಕ ದಫನಭೂಮಿ ಅಲ್ಲಿ ತಯಾರಾಯಿತು. 1960ರ ದಶಕದ ಕೊನೆಯಲ್ಲಿ ಆ ಖಬರ್‌ಗಳನ್ನು ಹತ್ತಿರದ ಬ್ರೂಕ್‌ವುಡ್ ಸೈನಿಕ ದಫನಭೂಮಿಗೆ ಸ್ಥಳಾಂತರಿಸಲಾಯಿತು. ಹಳೆಯ ಜಾಗ 2015ರಲ್ಲಿ ಶಾಂತಿಯ ತೋಟವಾಗಿ ತೆರೆಯಿತು.

ಜರ್ಮನಿಯಲ್ಲೂ ಇಂಥ ಒಂದು ಜಾಗವಿದೆ. ಬರ್ಲಿನ್ ಬಳಿಯ ವುನ್ಸ್‌ಡಾರ್ಫ್‌ನಲ್ಲಿ ಮುಸ್ಲಿಮ್ ಯುದ್ಧಕೈದಿಗಳಿಗಾಗಿ 1915ರಲ್ಲಿ ಮರದ ಮಸೀದಿಯೊಂದನ್ನು ಕಟ್ಟಿದ್ದರು. ಅಲ್ಲಿ ತೀರಿಕೊಂಡ 206 ಭಾರತೀಯರ ಹೆಸರುಗಳು ಪಕ್ಕದ ಝೆರೆನ್ಸ್‌ಡಾರ್ಫ್ ದಫನಭೂಮಿಯಲ್ಲಿವೆ. ಸೋವಿಯತ್ ಸೈನ್ಯದ ತರಬೇತಿ ಪ್ರದೇಶದೊಳಗೆ ಸೇರಿ ದಶಕಗಳ ಕಾಲ ಹಾಳುಬಿದ್ದಿದ್ದ ಅದನ್ನು 2005ರಲ್ಲಿ ಮತ್ತೆ ಸರಿಪಡಿಸಿ ತೆರೆಯಲಾಯಿತು.

ಯಾರ ಯುದ್ಧದಲ್ಲಿ ಸತ್ತರು?

ಇಲ್ಲಿ ಒಂದು ಮುಜುಗರದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾಗದು. ಗಾಝಾದಲ್ಲಿ, ಹೈಫಾದಲ್ಲಿ, ಬಸ್ರಾದಲ್ಲಿ ನಮ್ಮವರ ಎದುರಿಗೆ ನಿಂತಿದ್ದುದು ಖಲೀಫರ ಸೈನ್ಯ. ಎರಡೂ ಕಡೆಯ ಡೇರೆಗಳಲ್ಲಿ ಅದೇ ಬಾಂಗ್ ಕೇಳಿಸುತ್ತಿತ್ತು. ಅದೇ ಯುದ್ಧ ಕಾಲದಲ್ಲಿ, 1915ರ ಫೆಬ್ರವರಿಯಲ್ಲಿ, ಸಿಂಗಾಪುರದಲ್ಲಿದ್ದ ಐದನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಮ್ ಸಿಪಾಯಿಗಳು ಬಂಡೆದ್ದರು. ತುರ್ಕರ ವಿರುದ್ಧ ತಮ್ಮನ್ನು ಕಳುಹಿಸುತ್ತಾರೆಂಬ ಭಯ ಅದಕ್ಕೊಂದು ಕಾರಣ. 47 ಮಂದಿಯನ್ನು ಸಾರ್ವಜನಿಕವಾಗಿ ಗುಂಡಿಟ್ಟು ಕೊಂದರು.

ಬಂಡೆದ್ದವರೂ ಆಜ್ಞೆ ಪಾಲಿಸಿದವರೂ ನಮ್ಮವರೇ. ಬರಗಾಲ, ಸಾಲ, ತಿಂಗಳ ಸಂಬಳದ ಆಸೆ, ಮೈಸೂರಿನ ಪಡೆಯವರಿಗೆ ಅರಸನ ಮೇಲಿನ ನಿಷ್ಠೆ: ಪಟಾಲಮ್ಮಿಗೆ ಸೇರಿದವರ ಕಾರಣಗಳು ಹಲವು. ಅವರೆಲ್ಲ ಶಹೀದರೆಂದು ನಾವು ಘೋಷಿಸುವುದೂ ಬೇಡ, ಗುಲಾಮಗಿರಿಗೆ ಸತ್ತವರೆಂದು ಇಂದು ಕುಳಿತು ತೀರ್ಪು ಕೊಡುವುದೂ ಬೇಡ. ನಿಯ್ಯತ್ ಬಲ್ಲವನು ಅಲ್ಲಾಹನೊಬ್ಬನೇ. ನಮಗಿಂತ ಮೊದಲು ಈಮಾನಿನೊಂದಿಗೆ ಹೋದ ಸಹೋದರರಿಗಾಗಿ ಕ್ಷಮೆ ಬೇಡುವ ದುಆವನ್ನು ಸೂರಃ ಹಶ್ರ್ ನಮಗೆ ಕಲಿಸಿದೆ. ನಮ್ಮ ಪಾಲಿನ ಕೆಲಸ ಅದು.

ಸ್ವಾತಂತ್ರ್ಯದ ನಂತರ ಈ ಪ್ರಶ್ನೆಯ ರೂಪ ಬದಲಾಯಿತು. 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಮಡಿದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ದೆಹಲಿಯ ಜಾಮಿಯಾ ಮಿಲ್ಲಿಯಾ ಬಳಿಯ ಖಬರ್‌ಸ್ತಾನದಲ್ಲಿದ್ದಾರೆ. 2020ರಲ್ಲಿ ಆ ಖಬರಿನ ಕಲ್ಲು ಒಡೆದಿರುವುದು ಬೆಳಕಿಗೆ ಬಂದು, ಸೈನ್ಯ ಅದನ್ನು ಸರಿಪಡಿಸಿತು. 1965ರ ಸೆಪ್ಟೆಂಬರ್ 10ರಂದು ಮಡಿದ ಪರಮವೀರ ಚಕ್ರ ಪುರಸ್ಕೃತ ಅಬ್ದುಲ್ ಹಮೀದ್ ಉತ್ತರ ಪ್ರದೇಶದ ತಮ್ಮ ಊರಿನಿಂದ ಬಹಳ ದೂರ, ಪಂಜಾಬಿನ ಅಸಲ್ ಉತ್ತರ್ ಗ್ರಾಮದ ಹೊಲಗಳ ನಡುವೆ ಮಲಗಿದ್ದಾರೆ. ಅಲ್ಲಿನ ಜನ ಪ್ರತಿ ವರ್ಷ ಅವರನ್ನು ಸ್ಮರಿಸುತ್ತಾರೆ. ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು 2019ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಕಲ್ಲುಗಳಲ್ಲಿವೆ.

ಹುಡುಕುವುದು ಹೇಗೆ?

ಮೊದಲ ಹೆಜ್ಜೆ ಮನೆಯೊಳಗೇ ಇಡಬೇಕು. ಹಿರಿಯರನ್ನು ಕೂರಿಸಿ ಕೇಳಿ: ಹೋದವರ ಹೆಸರೇನು, ಅವರ ತಂದೆಯ ಹೆಸರೇನು, ಹೋಗುವಾಗ ಮನೆ ಯಾವ ಗ್ರಾಮದಲ್ಲಿತ್ತು, ಪಿಂಚಣಿ ಯಾರಿಗಾದರೂ ಬರುತ್ತಿತ್ತೇ? ಹಳೆಯ ಪೆಟ್ಟಿಗೆಯಲ್ಲಿ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಡೆಯ ಹೆಸರು ಕೊರೆದಿರುತ್ತದೆ. ಆ ಯುದ್ಧದಲ್ಲಿ ಮಡಿದವರ ಮನೆಗೆ ಅಂಗೈಗಿಂತ ದೊಡ್ಡದಾದ ಒಂದು ಕಂಚಿನ ಬಿಲ್ಲೆಯನ್ನೂ ಕಳುಹಿಸುತ್ತಿದ್ದರು. ಅದರಲ್ಲಿ ಪದವಿ ಇಲ್ಲದೆ ಹೆಸರು ಮಾತ್ರ ಇರುತ್ತದೆ. ಅಂಥದ್ದನ್ನು ಗುಜರಿಗೆ ಹಾಕಬೇಡಿ.

ಎರಡನೆಯದು ಕಾಮನ್‌ವೆಲ್ತ್ ಆಯೋಗದ ಪಟ್ಟಿ. ಅದನ್ನು ಇಂಟರ್‌ನೆಟ್ಟಿನಲ್ಲಿ ಯಾರೂ ಉಚಿತವಾಗಿ ನೋಡಬಹುದು. 1914ರ ಆಗಸ್ಟ್‌ನಿಂದ 1921ರ ಆಗಸ್ಟ್‌ವರೆಗೆ, ಮತ್ತು 1939ರ ಸೆಪ್ಟೆಂಬರ್‌ನಿಂದ 1947ರ ಡಿಸೆಂಬರ್‌ವರೆಗೆ ಸೇವೆಯಲ್ಲಿದ್ದು ತೀರಿಕೊಂಡವರು ಅದರಲ್ಲಿ ಬರುತ್ತಾರೆ. ಕಾಯಿಲೆಯಿಂದ ಸತ್ತವರೂ ಸೇರುತ್ತಾರೆ. ಎಷ್ಟೋ ಭಾರತೀಯರ ದಾಖಲೆಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತದೆ. ಬರ್ಮಾದಲ್ಲಿ ಕಳೆದುಹೋದವರ ಸುಮಾರು 27,000 ಹೆಸರುಗಳು ಯಾಂಗೋನ್ ಬಳಿಯ ಸ್ಮಾರಕದಲ್ಲಿ, ಮಲಯಾ ಕಡೆಯ 24,000ದಷ್ಟು ಹೆಸರುಗಳು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಇವೆ. ಎಲ್ಲವೂ ಈ ಪಟ್ಟಿಯಲ್ಲಿ ಸಿಗುತ್ತವೆ.

ಇಲ್ಲಿ ಎಡವುವುದು ಹೆಸರಿನ ಬರಹದಲ್ಲಿ. ಮನೆಯಲ್ಲಿ ಮೊಯ್ದಿನ್ ಆಗಿದ್ದವರು ಕಡತದಲ್ಲಿ ಮೊಹಿದೀನ್, ಮೊಹಿಯುದ್ದೀನ್, ಮುಹಿ ಉದ್ ದಿನ್ ಆಗಿರಬಹುದು. ಮಮ್ಮದೆ ಎಂದು ಕರೆದವರನ್ನು ಗುಮಾಸ್ತ ಮಹೊಮೆದ್ ಎಂದು ಬರೆದಿರಬಹುದು. ಎಲ್ಲ ಬಗೆಯಲ್ಲೂ ಹುಡುಕಬೇಕು. ಊರಿನ ಹೆಸರೂ ಹಾಗೆಯೇ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅಂದು ನಾವು ಮದ್ರಾಸ್ ಪ್ರಾಂತದ ಸೌತ್ ಕೆನರಾ ಜಿಲ್ಲೆಯವರು. ಉಡುಪಿಯನ್ನು ಉಡಿಪಿ, ಕಾರ್ಕಳವನ್ನು ಕಾರ್ಕಲ್, ಕಾಪುವನ್ನು ಕೌಪ್ ಎಂದು ಬರೆಯುತ್ತಿದ್ದರು. ಪರ್ಕಳದವರ ಹೆಸರಿನ ಮುಂದೆ ಹೆರ್ಗ ಎಂಬ ಗ್ರಾಮದ ಹೆಸರಿರಲೂಬಹುದು. ಭಟ್ಕಳದ ಕಡೆಯವರಾದರೆ ಬೊಂಬಾಯಿ ಪ್ರಾಂತದ ನಾರ್ತ್ ಕೆನರಾದಲ್ಲಿ ನೋಡಬೇಕು.

ಮೂರನೆಯದು ಪಡೆಗಳ ಕಚೇರಿಗಳು. ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಸಂಖ್ಯೆ ಮತ್ತು ಪಡೆಯ ಹೆಸರು ಗೊತ್ತಿದ್ದರೆ ಪತ್ರ ಬರೆದು ಕೇಳಬಹುದು. ಹಳೆಯ ಮದ್ರಾಸ್ ಸರಕಾರದ ಕಡತಗಳು ಚೆನ್ನೈನ ಎಗ್ಮೋರ್‌ನ ಪತ್ರಾಗಾರದಲ್ಲಿವೆ. ಹೆಸರು ಹೋಲಿದ ಮಾತ್ರಕ್ಕೆ ನಮ್ಮವರೆಂದು ನಿಶ್ಚಯಿಸಬೇಡಿ. ಅಬ್ದುಲ್ ಖಾದರ್ ಎಂಬ ಹೆಸರಿನವರು ನೂರಾರು ಮಂದಿ ಸಿಗುತ್ತಾರೆ. ತಂದೆಯ ಹೆಸರು ಮತ್ತು ಊರು ಎರಡೂ ಕೂಡಿಬಂದರೆ ಮಾತ್ರ ನಂಬಿ. ಇನ್ನೊಬ್ಬರ ಹಿರಿಯರನ್ನು ನಮ್ಮವರೆಂದು ಬರೆದುಕೊಳ್ಳುವುದು ಅವರಿಗೂ ನಮ್ಮವರಿಗೂ ಮಾಡುವ ಅನ್ಯಾಯ.

ಸಿಕ್ಕಿದ ಮೇಲೆ

ಖಬರ್ ಸಿಕ್ಕಿದರೆ ಏನು ಮಾಡಬೇಕು? ಹೋಗಲು ಸಾಧ್ಯವಿದ್ದವರು ಹೋಗಿ ಸಲಾಂ ಹೇಳಿ ಬರಲಿ. ಕೊಲ್ಲಿಯಲ್ಲಿ, ಸಿಂಗಾಪುರದಲ್ಲಿ, ಲಂಡನ್ನಿನಲ್ಲಿ ದುಡಿಯುವ ನಮ್ಮ ಮಕ್ಕಳಿದ್ದಾರೆ. ಮೈಸೂರಿನವರದೋ ಮಲಬಾರಿನವರದೋ, ಅಲ್ಲಿರುವ ಯಾರ ಖಬರಿನ ಮುಂದಾದರೂ ಒಂದು ಗಳಿಗೆ ನಿಲ್ಲಲಿ. ಹೋಗಲಾಗದವರು ಇದ್ದಲ್ಲಿಂದಲೇ ದುಆ ಮಾಡಲಿ, ಅವರ ಹೆಸರಿನಲ್ಲಿ ಒಂದು ಸದಖಾ ಕೊಡಲಿ. ಮಗ್ಫಿರತ್ ಬೇಡುವುದಕ್ಕೆ ನೂರು ವರ್ಷ ತಡವಾಯಿತೆಂಬುದಿಲ್ಲ. ಹೊಸ ಗೋಪುರ ಬೇಕಿಲ್ಲ.

ಖಬರ್ ಸಿಗದೆ ಹೋಗುವವರೇ ಹೆಚ್ಚು. ಅಮಾರಾದ 5,000 ಮಂದಿಯ ಮಾತು ನಾವು ಮೇಲೆ ಓದಿದೆವು. ಅಂಥವರ ವಿಷಯದಲ್ಲಿ ನಮ್ಮ ಕೈಯಲ್ಲಿ ಉಳಿದಿರುವುದು ಹೆಸರೊಂದೇ. ಪ್ರತಿ ಜಮಾಅತ್‌ನಲ್ಲೂ ಒಂದು ಪುಸ್ತಕ ತೆರೆಯಬಹುದು. ಊರು ಬಿಟ್ಟು ಹೋಗಿ ಮರಳದವರ ಹೆಸರು, ತಂದೆಯ ಹೆಸರು, ಹೋದ ಕಾಲ, ಮನೆಯವರು ಕೇಳಿದ ಮಾತು ಇಷ್ಟನ್ನು ಬರೆದಿಡಲು ಒಬ್ಬ ಮದ್ರಸ ವಿದ್ಯಾರ್ಥಿ ಸಾಕು, ಒಂದು ರಜಾದಿನ ಸಾಕು. ಕಥೆ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈ ತಿಂಗಳು ಕೇಳದ್ದನ್ನು ಮುಂದಿನ ವರ್ಷ ಕೇಳಲು ಅವರು ಇಲ್ಲದಿರಬಹುದು.

ಮುಂದಿನ ಸಲ ಊರ ಖಬರ್‌ಸ್ತಾನದ ಮುರಕಲ್ಲಿನ ಗೋಡೆಯ ಬಳಿ ನಿಂತು ಸಲಾಂ ಹೇಳುವಾಗ, ಇಲ್ಲಿ ಇರಬೇಕಾಗಿದ್ದು ಇಲ್ಲದವರನ್ನೂ ಹೆಸರು ಹಿಡಿದು ನೆನೆಯೋಣ. ಮರಳಿನಲ್ಲಿ, ಹಿಮದಲ್ಲಿ, ಕಾಡಿನಲ್ಲಿ, ಕಡಲಿನಲ್ಲಿ ಮಲಗಿರುವ ನಮ್ಮ ಹಿರಿಯರ ತಪ್ಪುಗಳನ್ನು ಅಲ್ಲಾಹನು ಕ್ಷಮಿಸಲಿ, ಅವರ ಖಬರ್‌ಗಳನ್ನು ಬೆಳಗಲಿ, ಅವರನ್ನು ಕಾದು ಕಾದು ಕಣ್ಣು ಮುಚ್ಚಿದ ಉಮ್ಮಂದಿರೊಡನೆ ಅವರನ್ನು ಸ್ವರ್ಗದಲ್ಲಿ ಸೇರಿಸಲಿ. ಆಮೀನ್.